ಹಾಕಿ ಹಾಕಿ

ಕೊನೆಯ ದಿನಗಳಲ್ಲಿ ಅಪ್ಪನ ಬಾಯಿಂದ ಹೊರಡುತ್ತಿದ್ದದ್ದು ಒಂದೇ ಮಾತು. ಅದನ್ನು ಎರಡೆರಡು ಸಲ ಹೇಳುತ್ತಿದ್ದ. ಎಡಗೈಯಿಂದ ಸ್ಟೀಲಿನ ಲೋಟವನ್ನು ನನ್ನ ಕಡೆ ತಳ್ಳುವುದು, ನನ್ನ ಮುಖ ನೋಡುವುದು, "ಹಾಕಿ... ಹಾಕಿ" ಎನ್ನುವುದು.

ಲೋಟ ಮುಂದೆ ಮಾಡಿ ಹಾಕಿ ಅಂದರೆ ಕನ್ನಡ ಬಲ್ಲವರಿಗೆ ಏನು ಅರ್ಥವಾಗಬೇಕು? ನೀರು ಹಾಕಿ ಎಂದು. ನನಗೂ ಹಾಗೇ ಅರ್ಥವಾಯಿತು. ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಹೋಗಿತ್ತು, ಗಂಟಲೂ ಸ್ವಾಧೀನದಲ್ಲಿರಲಿಲ್ಲ. ಬಾಯಿಗೆ ಒಂದು ಹನಿ ನೀರೂ ಹಾಕಕೂಡದು, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಊಟ, ನೀರು ಎಲ್ಲ ಮೂಗಿನ ನಳಿಕೆಯಿಂದ. ಹಾಗಾಗಿ ನಾನು ಪ್ರತಿ ಸಲವೂ ಲೋಟವನ್ನು ಹಿಂದಕ್ಕೆ ಸರಿಸಿ, "ಇಲ್ಲಪ್ಪಾ, ಕೊಡೂಹಂಗಿಲ್ಲ" ಎನ್ನುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಅಪ್ಪ ನೀರು ಕೇಳುತ್ತಿರಲಿಲ್ಲ. ಅದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ನಾನು ಬಿ.ಎ. ಮಾಡಿದವಳು. ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು, ಇದನ್ನು ಹೋದಲ್ಲೆಲ್ಲ ಹೇಳಿಕೊಳ್ಳುತ್ತೇನೆ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅಪ್ಪನ ಒಂದು ಶಬ್ದ, ಎರಡೇ ಅಕ್ಷರ, ನನಗೆ ಓದಲು ಬರಲಿಲ್ಲ.

*

ಅಪ್ಪ ಮುಂಬಯಿ ಪಕ್ಕದ ಠಾಣೆಯಲ್ಲಿ, ಹಳೆಯ ನಾಕಾ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ಸಪ್ಲೈಯರ್ ಆಗಿದ್ದ. ನಮ್ಮದು ವಿಜಯಪುರದ ಕಡೆ; ಹೋಟೆಲಿನ ಧಣಿಗಳು, ಭಟ್ಟರು ಎಲ್ಲ ಕರಾವಳಿಯವರು. ಅಪ್ಪ ಚಪ್ಪಲಿ ಬದಲಿಸಿದ ಹಾಗೆ ಮಾತು ಬದಲಿಸುತ್ತಿದ್ದ. ಕಲ್ಯಾಣ ಊರಿನ ಪೂರ್ವಭಾಗದ ನಮ್ಮ ಚಾಳಿನ ಮನೆಯಲ್ಲಿ ನಮ್ಮ ಕಡೆಯ ಮಾತು, ಹೋಟೆಲಿನಲ್ಲಿ ಕರಾವಳಿಯ ಮಾತು, ಗಿರಾಕಿಗಳ ಹತ್ತಿರ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಓದಿದ್ದು ಮೂರನೆಯ ತರಗತಿ.

ಅವನಿಗೆ ಹಾಕಿ ಆಟದ ಹುಚ್ಚು ಹಿಡಿದದ್ದು ಮೈದಾನದಲ್ಲಲ್ಲ, ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬ ಮುದುಕರು ಬಂದು ಅಲ್ಲಿ ಕೂರುತ್ತಿದ್ದರು. ಎರಡು ಇಡ್ಲಿ, ಸಾಂಬಾರು ಬೇರೆ ಬಟ್ಟಲಿನಲ್ಲಿ, ಒಂದು ಕಾಫಿ. ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ರೈಲ್ವೆಯ ಗಿರಾಕಿಯೊಬ್ಬ ತಟ್ಟೆ ಬಿಟ್ಟು ಎದ್ದು ಬಂದು ಅವರ ಕಾಲು ಮುಟ್ಟಿದ. ದೇಶದ ತಂಡದಲ್ಲಿ ಆಡಿದವರು, ಮುಂಚೂಣಿಯ ಎಡಗಡೆ, ಆ ಕಾಲಕ್ಕೆ ಅವರ ಕೈಯಿಂದ ಚೆಂಡು ಕಸಿದುಕೊಂಡವರಿಲ್ಲ ಎಂದ. ಮೇಲೆ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಮುದುಕರು ನಾಚಿಕೊಂಡು, "ಚಟ್ನಿ ಔರ್ ಮಿಲೇಗಾ?" ಎಂದು ಅಪ್ಪನನ್ನು ಕೇಳಿದರಂತೆ.

ಮುಂದಿನ ಭಾನುವಾರ ಅಪ್ಪ ಧೈರ್ಯ ಮಾಡಿ, ಸಾಹೇಬರೇ ಅದು ಹೇಗೆ ಆಡುವುದು ಎಂದು ಕೇಳಿದ. ಗಿರಾಕಿ ಕಡಿಮೆ ಇದ್ದ ಹೊತ್ತು. ಅವರು ಆಚೀಚೆಯ ಟೇಬಲ್ಲಿನಿಂದ ಹತ್ತು ಸ್ಟೀಲ್ ಲೋಟ ತರಿಸಿದರು. ಮುಂದೆ ಐದು, ಅದರ ಹಿಂದೆ ಮೂರು, ಅದರ ಹಿಂದೆ ಎರಡು. ನೀರಿನ ಜಗ್ಗು ಗೋಲ್‌ಕೀಪರ್. ಧಣಿಗಳು ದುಡ್ಡು ಎಣಿಸುವ ಗಲ್ಲೆಯ ಮೇಲಿನ ಸೋಂಪಿನ ಬಟ್ಟಲಿನಿಂದ ಒಂದು ಕಲ್ಲುಸಕ್ಕರೆ ಹರಳು ತೆಗೆದು ಅದನ್ನೇ ಚೆಂಡು ಮಾಡಿದರು. ಅವರ ಬೆರಳು ಸೊಟ್ಟಗಾಗಿದ್ದವು, ಆದರೆ ಆ ಹರಳು ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ಹೋಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ ಎಂದು ಅಪ್ಪ ನೂರು ಸಲ ಹೇಳಿದ್ದಾನೆ.

ಅವರು ಆವತ್ತು ಹಿಂದಿಯಲ್ಲಿ ಹೇಳಿದ್ದನ್ನು ಅಪ್ಪ ತನ್ನ ಮಾತು ಮಾಡಿಕೊಂಡ. "ಚೆಂಡು ಇದ್ದವನ್ನ ಎಲ್ಲಾರೂ ನೋಡ್ತಾರ. ಚೆಂಡು ಕಳಕೊಂಡವ ಮುಂದ ಏನ್ ಮಾಡ್ತಾನ, ಅದನ್ನ ನೋಡು. ತಲೀಗೆ ಕೈ ಹಚ್ಚಿ ನಿಂತನೋ, ತಿರುಗಿ ಓಡಿದನೋ? ಅಲ್ಲೇ ತಿಳೀತದ ಅವ ಎಂಥವ ಅಂತ."

ಮೂರ್ನಾಲ್ಕು ವರ್ಷ ಬಂದ ಮುದುಕರು ಒಂದು ಮಳೆಗಾಲದಲ್ಲಿ ಬರುವುದು ನಿಲ್ಲಿಸಿದರು. ಅಪ್ಪ ಭಾನುವಾರದ ಆ ಹೊತ್ತಿಗೆ ಮೂಲೆ ಟೇಬಲ್ಲನ್ನು ಖಾಲಿ ಇಡುತ್ತಿದ್ದನಂತೆ. ಆಮೇಲೆ ಒಂದು ದಿನ ಅವರು ತೀರಿಕೊಂಡರೆಂದು ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದನ್ನು ಕತ್ತರಿಸಿ ತಂದು ನನ್ನ ಕೈಗೆ ಕೊಟ್ಟು, "ಓದು ಯವ್ವಾ" ಎಂದ. ನಾನು ಐದನೆಯ ಇಯತ್ತೆಯಲ್ಲಿದ್ದೆ. ಓದಿದೆ. "ಮುಂದ?" ಎಂದ. ಮುಂದೆ ಏನೂ ಇಲ್ಲ, ಇಷ್ಟೇ ಎಂದೆ. "ಇಷ್ಟ?" ಎಂದು ಚೀಟಿಯನ್ನು ತಿರುಗಿಸಿ ಹಿಂದಿನ ಮಗ್ಗುಲು ನೋಡಿದ. ಅಲ್ಲಿ ಸೀರೆ ಅಂಗಡಿಯ ಜಾಹೀರಾತು ಇತ್ತು.

*

ಮುದುಕರು ಹೋದ ಮೇಲೆ ಅಪ್ಪನ ಹುಚ್ಚು ಹೊಸ ಆಟಗಾರರ ಕಡೆ ತಿರುಗಿತು. ಸಂಜೆ ಹೋಟೆಲಿನಿಂದ ಬರುವಾಗ ಅಂಗಿಯ ಕಿಸೆಯಲ್ಲಿ ಪೇಪರಿನ ಒಂದು ಹಾಳೆ ಮಡಿಚಿ ತರುತ್ತಿದ್ದ. ಹಾಳೆಗೆ ಸಾಂಬಾರಿನ ವಾಸನೆ. ನಾನು ಓದಬೇಕು, ಅವನು ಕೇಳಬೇಕು. ಆಟಗಾರರಿಗೆ ಅವನದೇ ಹೆಸರುಗಳಿದ್ದವು: ಗಿಡ್ಡ, ಬೂದಿ ಕಣ್ಣಿನವ, ಒಲ್ಲದ ಮದುಮಗ. ಈ ಕೊನೆಯವನು ಗೋಲು ಹೊಡೆದರೂ ನಗುತ್ತಿರಲಿಲ್ಲ, ಅದಕ್ಕೆ.

"ಇವನ ಮಣಿಕಟ್ಟು ನೋಡಬೇಕು ನೀ. ಹಳೇ ಮಂದಿ ಎಲ್ಲಿ ಹೋಗ್ಯಾರ? ಇವರ ಕೈಯಾಗ ಬಂದು ಕುಂತಾರ."

"ರೊಟ್ಟಿ ಆರಾಕತ್ತಾವ," ಎನ್ನುತ್ತಿದ್ದಳು ಅವ್ವ. "ಅವರ ಕೈ ಆಮ್ಯಾಲ ನೋಡ್ರಿ, ಮೊದಲ ನಿಮ್ಮ ಕೈ ತೊಳೀರಿ."

ಹಳೆಯ ಕಾಲವೇ ಚಂದ ಎಂದು ಹಲುಬುವ ಮನುಷ್ಯನಲ್ಲ ಅವನು. ಮೈದಾನದ ಹುಲ್ಲು ಹೋಗಿ ನೀಲಿ ಚಾಪೆ ಬಂತು, ಆಟದ ಎರಡು ಅರ್ಧ ಹೋಗಿ ನಾಲ್ಕು ಕಾಲು ಭಾಗ ಬಂದವು, ಅವನು ಎಲ್ಲದಕ್ಕೂ ಒಗ್ಗಿಕೊಂಡ. ಲೋಟಗಳನ್ನು ಮಾತ್ರ ಕೊನೆಯವರೆಗೂ ಮುದುಕರು ಕಲಿಸಿದ ಹಾಗೇ ಇಡುತ್ತಿದ್ದ: ಮುಂದೆ ಐದು, ಹಿಂದೆ ಮೂರು, ಮತ್ತೆ ಎರಡು.

ಇಲ್ಲಿ ಒಂದು ಮಾತು ಹೇಳಬೇಕು, ಮುಂದಿನದಕ್ಕೆಲ್ಲ ಅದೇ ಕಾರಣ. ನಮ್ಮ ಮನೆಯಲ್ಲಿ ಯಾರೂ ಹಾಕಿ ಎನ್ನುತ್ತಿರಲಿಲ್ಲ. ಕ್ರಿಕೆಟ್ಟಿಗೆ ಕ್ರಿಕೆಟ್, ಕುಸ್ತಿಗೆ ಕುಸ್ತಿ, ಹಾಕಿಗೆ ಮಾತ್ರ "ಮ್ಯಾಚ್". "ಇವತ್ತ ಮ್ಯಾಚ್ ಐತಿ" ಎಂದರೆ ಅದೇ. ಬೇರೆ ಮ್ಯಾಚ್ ಲೋಕದಲ್ಲಿ ಇದೆಯೆಂದು ಅಪ್ಪ ಒಪ್ಪಿರಲಿಲ್ಲ.

ನಾನು ಹತ್ತನೆಯ ಇಯತ್ತೆಗೆ ಬಂದಾಗ ಆ ಮ್ಯಾಚನ್ನು ನಮ್ಮ ಮನೆಯಿಂದ ಹೊರಗೆ ಹಾಕಿಸಿದವಳು ನಾನು. ಒಂದೇ ಖೋಲಿಯ ಮನೆ. ಟಿವಿ ಹಚ್ಚಿದರೆ ಓದಲು ಆಗುತ್ತಿರಲಿಲ್ಲ. ಒಂದು ಸಂಜೆ, ಆಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು, ನಾನು ಪುಸ್ತಕ ನೆಲಕ್ಕೆ ಎಸೆದು, "ನನಗ ಸಪ್ಲೈಯರ್ ಆಗೂದು ಬ್ಯಾಡ ಅಪ್ಪಾ, ನನಗ ಓದಬೇಕು" ಎಂದುಬಿಟ್ಟೆ. ಅಪ್ಪ ಎದ್ದು ಟಿವಿ ಆರಿಸಿದ. ಮರುದಿನ ಅದನ್ನು ಹೊತ್ತು ಪಕ್ಕದ ಚಾಳಿನವರಿಗೆ ಕೊಟ್ಟು ಬಂದ. ನನ್ನ ಬಿ.ಎ. ಮುಗಿಯುವವರೆಗೆ ಮನೆಗೆ ಇನ್ನೊಂದು ಟಿವಿ ಬರಲಿಲ್ಲ. ಅವನು ಮ್ಯಾಚ್ ಎಲ್ಲಿ ನೋಡುತ್ತಾನೆ, ನೋಡುತ್ತಾನೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ಕಾಲೇಜಿನ ಮೊದಲ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ನಮ್ಮಲ್ಲಿ ಕೇಟಿ ಬಂತು ಎನ್ನುತ್ತಾರೆ, ಆ ಒಂದು ವಿಷಯ ಮತ್ತೆ ಬರೆಯಬೇಕು. ಎರಡನೆಯ ಸಲವೂ ಹೋಯಿತು. ಇನ್ನು ಸಾಕು, ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದು ಗೋಡೆಗೆ ಮುಖ ಮಾಡಿ ಕೂತಿದ್ದೆ. ಅಪ್ಪ ಬಂದ, ಲೋಟಗಳನ್ನು ನೆಲದ ಮೇಲೆ ಜೋಡಿಸಿದ, ಮುಂದಿನ ಸಾಲಿನಿಂದ ಒಂದು ಲೋಟ ಎತ್ತಿ ನನ್ನ ಮುಂದೆ ಇಟ್ಟ.

"ಇದು ನೀ. ಚೆಂಡು ಹೋತು. ಈಗ?"

ನಾನು ಗೋಡೆಯಿಂದ ತಿರುಗಿ ಲೋಟ ನೋಡಿದೆ.

"ತಲೀಗೆ ಕೈ ಹಚ್ಚಿ ನಿಂದರ್ತೀಯೋ, ಹಿಂದಕ್ಕ ಓಡ್ತೀಯೋ? ನಾ ಇಲ್ಲೇ ಕುಂತೀನಿ. ನೋಡ್ತೀನಿ."

ಮೂರನೆಯ ಸಲ ಪಾಸಾದೆ. ನನ್ನ ಡಿಗ್ರಿಯ ಹಿಂದೆ ಇರುವುದು ಇಷ್ಟೇ.

*

ಆಮೇಲೆ ಬೇಲಾಪುರದಲ್ಲಿ ಸರ್ಕಾರಿ ಕಚೇರಿಯ ಕೆಲಸ, ಮದುವೆ, ಒಬ್ಬ ಮಗಳು, ಡೊಂಬಿವಲಿಯಲ್ಲಿ ಫ್ಲ್ಯಾಟು. ಅಪ್ಪ ನಿವೃತ್ತನಾಗಿ ಅವ್ವನ ಜೊತೆ ನನ್ನ ಮನೆಗೇ ಬಂದ. ಹಳೆಯ ಹೋಟೆಲು ಮುಚ್ಚಿತು, ಧಣಿಗಳ ಮಕ್ಕಳು ಘೋಡಬಂದರ್ ರಸ್ತೆಯಲ್ಲಿ ಏಸಿ ಹಾಕಿಸಿ ಹೊಸದು ತೆರೆದರು. ಅಪ್ಪನಿಗೆ ಈಗ ಹೆಣ್ಣುಮಕ್ಕಳ ತಂಡದ ಹುಚ್ಚು. ಹೊಸ ಆಟಗಳೆಲ್ಲ ಮೊಬೈಲಿನಲ್ಲೇ ಬರುವುದು, ಮೊಬೈಲು ಇರುವುದು ನನ್ನ ಕೈಯಲ್ಲಿ. ರಜೆಯ ದಿನ ನಾನು ಹಚ್ಚಿಕೊಟ್ಟರೆ ಉಂಟು.

ಜೂನಿಯರ್ ತಂಡದ ಒಬ್ಬ ಹುಡುಗಿಯ ಆಟವನ್ನು ಅವನು ಎರಡು ವರ್ಷದಿಂದ ಬಿಡದೆ ನೋಡುತ್ತಿದ್ದ. ಎತ್ತರ ಇಲ್ಲ, ತೋಳು ಕಡ್ಡಿಯ ಹಾಗೆ. ಅವಳಿಗೆ ಅಪ್ಪ ಇಟ್ಟ ಹೆಸರು ಸಣ್ಣಾಕಿ. ಅವಳ ತಾಯಿ ಕೂಲಿ ಮಾಡುತ್ತಾಳೆ, ಮನೆಯಲ್ಲಿ ಇಷ್ಟು ದೂರ ಬಂದವಳು ಇವಳೊಬ್ಬಳೇ ಎಂದು ನಾನೇ ಪೇಪರಿನಲ್ಲಿ ಓದಿ ಹೇಳಿದ್ದೆ.

"ನಿನ್ನಂಗ," ಎಂದ ಅಪ್ಪ.

"ಆಟಾನೂ ನೋಡಪ್ಪಾ, ಬರೇ ನನ್ನಂಗ ಅಂತ ನೋಡಬ್ಯಾಡ."

"ಆಟ ಛಲೋ ಐತಿ. ಆದರ ಇನ್ನೂ ಆಕಿ ಕಡಿಂದ ಚೆಂಡು ಕಸಗೊಂಡವರನ್ನ ನಾ ನೋಡಿಲ್ಲ. ಕಳಕೊಂಡ ಮ್ಯಾಲ ಏನ್ ಮಾಡ್ತಾಳ, ಅದು ತಿಳೀಬೇಕು. ಅಲ್ಲೀತನ ನಾ ಏನೂ ಹೇಳೂದಿಲ್ಲ."

ಆ ಹುಡುಗಿ ಹಿರಿಯರ ತಂಡಕ್ಕೆ ಬಂದಳು. ಪರದೇಶದಲ್ಲಿ ಆಟ. ಮೊದಲನೆಯದು ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ಮಧ್ಯಾಹ್ನ. ಅಪ್ಪ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನಾನು ಕಚೇರಿಗೆ ಓಡುವ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಹೇಳಿದ: "ಆವತ್ತ ಮೊಬೈಲ್ ನನಗ ಬೇಕು ಯವ್ವಾ. ಪೂರ್ತಿ ಮ್ಯಾಚ್."

"ನೋಡೂಣು ಅಪ್ಪಾ, ಇನ್ನೂ ದಿನ ಐತಿ," ಎಂದು ಚಪ್ಪಲಿ ಮೆಟ್ಟಿಕೊಂಡೆ. ಏಳೂ ಐವತ್ತರ ಗಾಡಿ ತಪ್ಪಿದರೆ ಠಾಣೆಯಲ್ಲಿ ಬೇಲಾಪುರದ ಗಾಡಿಯೂ ತಪ್ಪುತ್ತಿತ್ತು.

ಆಟಕ್ಕೆ ಇನ್ನೂ ಆರು ದಿನ ಇರುವಾಗ, ಸೋಮವಾರ, ಅಪ್ಪ ಬಚ್ಚಲಲ್ಲಿ ಬಿದ್ದ.

*

ಆಸ್ಪತ್ರೆಯಲ್ಲಿ ಮೂರನೆಯ ದಿನ ಬಾಯಿ ತೆರೆದ. ಬರುತ್ತಿದ್ದದ್ದು ಬರಿಯ ಗಾಳಿ. ಆ ಗಾಳಿಯಲ್ಲೇ ಎರಡಕ್ಷರ: ಹಾಕಿ. ಮಂಚದ ಪಕ್ಕದ ಕಪಾಟಿನ ಮೇಲೆ ನಮ್ಮ ಮನೆಯ ಎರಡು ಲೋಟ ಇದ್ದವು. ಅದರಲ್ಲಿ ಒಂದನ್ನು ತಳ್ಳಿದ.

"ನೀರ ಕೇಳಾಕತ್ತಾರ," ಎಂದಳು ಅವ್ವ, ಸೆರಗು ಬಾಯಿಗೆ ಒತ್ತಿಕೊಂಡು.

ನರ್ಸು ದೂರದಿಂದಲೇ ನೀರು ಬೇಡವೇ ಬೇಡ ಎಂದು ಕೈ ಆಡಿಸಿದಳು. "ಪಾಣಿ ನಾಹೀ ಹಂ! ಅಜಿಬಾತ್ ನಾಹೀ!"

ನನ್ನನ್ನು ಚುಚ್ಚಿದ್ದು ಇನ್ನೊಂದು. ಅಪ್ಪ ನನಗೆ ಬಹುವಚನ ಹಚ್ಚಿದ್ದ. ನಮ್ಮ ಕಡೆ ಮಗಳಿಗೆ "ಹಾಕು" ಎನ್ನುತ್ತಾರೆ, ದೊಡ್ಡವರಿಗಾದರೆ "ಹಾಕ್ರಿ". "ಹಾಕಿ" ಎನ್ನುವುದು ಹೋಟೆಲಿನ ಕನ್ನಡ, ಧಣಿಗಳ ಎದುರಿನ ಮಾತು. ಜೀವನವಿಡೀ ನನ್ನನ್ನು ಯವ್ವಾ ಎಂದು ಕರೆದವನು ಈಗ ನನ್ನನ್ನು ಧಣಿ ಎಂದು ತಿಳಿದಿದ್ದಾನೆ, ಕೆಲಸದವನ ಹಾಗೆ ಒಂದು ಲೋಟ ನೀರು ಬೇಡುತ್ತಿದ್ದಾನೆ, ನಾನು ಇಲ್ಲ ಎನ್ನುತ್ತಿದ್ದೇನೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಅತ್ತೆ.

ಸಂಜೆ ಕಾಲೇಜು ಮುಗಿಸಿ ನನ್ನ ಮಗಳು ಬಂದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಅಜ್ಜನ ಮಾತು ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು.

"ಮಮ್ಮಿ, ಅಜ್ಜ ಹಾಕಿ ಬೋಲ್ ರಹೇ ಹೈಂ. ಹಾಕಿ. ಗೇಮ್."

ನನಗೆ ಸಿಟ್ಟು ಬಂತು. "ಕನ್ನಡ ಬರೂದಿಲ್ಲ ನಿನಗ, ಸುಮ್ಮ ಇರು. ಹಾಕಿ ಅಂದರ ನೀರು ಹಾಕಿ ಅಂತ. ಜೀವ ಹೋಗಾಕತ್ತದ ಅವಂದು, ಗೇಮ್ ಅಂತ, ಗೇಮ್."

"ಲೇಕಿನ್ ಪಾನೀ ತೋ ಬೋಲಾ ಹೀ ನಹೀಂ ಉನ್ಹೋನೇ," ಎಂದಳು ಮೆಲ್ಲಗೆ. ನೀರು ಎಂಬ ಮಾತೇ ಅವನು ಆಡಿಲ್ಲವಲ್ಲ ಎಂದು. ಕನ್ನಡದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ.

ಶನಿವಾರ ಮನೆಗೆ ಕಳಿಸಿದರು. ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಭಾನುವಾರ ಬೆಳಗಿನಿಂದ ಅಪ್ಪ ಬಿಡಲೇ ಇಲ್ಲ. ಹಾಕಿ ಹಾಕಿ, ಹಾಕಿ ಹಾಕಿ. ಲೋಟಗಳನ್ನು ಒಂದೊಂದಾಗಿ ತಳ್ಳಿದ. ಒಂದು ನೆಲಕ್ಕೆ ಬಿದ್ದು ಉರುಳಿತು. ಅವ್ವ ತಡೆಯಲಾರದೆ, "ಒಂದ್ ಚಮಚ ಹಾಕ್ತೀನಿ, ಏನಾಕೈತಿ ಆಗಲಿ" ಎಂದು ಎದ್ದಳು. ನಾನು ಅವಳ ಕೈ ಹಿಡಿದೆ. ಒದ್ದೆ ಬಟ್ಟೆಯಿಂದ ಅಪ್ಪನ ತುಟಿ ಒರೆಸಿದೆ. ಅವನು ಮುಖ ತಿರುಗಿಸಿದ. ಮಧ್ಯಾಹ್ನ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಮೂರೂವರೆಯ ಸುಮಾರಿಗೆ ಎಡಗಣ್ಣಿನಿಂದ ನೀರು ಇಳಿಯಿತು. ಬಾಯಾರಿಕೆಗೆ ಅಳುತ್ತಿದ್ದಾನೆ ಎಂದುಕೊಂಡೆ. ಅವನ ತಲೆಯ ಮೇಲೇ ಕ್ಯಾಲೆಂಡರು ತೂಗುತ್ತಿತ್ತು, ಅದರಲ್ಲಿ ಆ ಭಾನುವಾರಕ್ಕೆ ಅವನೇ ಹಾಕಿದ ಗುರುತು ಇತ್ತು. ನಾನು ಅದರ ಕಡೆ ನೋಡಲಿಲ್ಲ.

*

ಬುಧವಾರ ಹಳೆಯ ಹೋಟೆಲಿನ ದೋಸೆ ಭಟ್ಟರು ಬಂದರು. ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದವರು, ಈಗ ಘೋಡಬಂದರ್ ರಸ್ತೆಯ ಹೊಸದರಲ್ಲಿ ಇದ್ದಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ ಓಡಿ ಬಂದಿದ್ದರು.

"ಎಂತ ಮಾರಾಯ," ಎಂದರು ಮಂಚದ ಹತ್ತಿರ ಸ್ಟೂಲು ಎಳೆದು. "ಆರ್ಡರು ತಕ್ಕೊಂಡು ಹೋದವ ಬರಲೇ ಇಲ್ಲ ಅಂತ ನೋಡಿದ್ರೆ ಇಲ್ಲಿ ಮಲಗಿದ್ದೀಯಾ?"

ಅಪ್ಪನ ಮುಖದ ಅರ್ಧ ನಕ್ಕಿತು. ಕೈ ಲೋಟಕ್ಕೆ ಹೋಯಿತು. "ಹಾಕಿ... ಹಾಕಿ."

ನಾನು ಎಂದಿನಂತೆ ಲೋಟ ತೆಗೆಯಲು ಹೋದೆ. "ನೀರು ಕೇಳ್ತಾನ ಭಟ್ರ. ಕೊಡೂಹಂಗಿಲ್ಲ. ವಾರ ಆತು, ಇದೊಂದ ಮಾತು."

ಭಟ್ಟರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಗುತ್ತಲೇ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

"ನೀರಾ? ಎಂತ ನೀರು ಮಾರಾಯ್ತಿ! ಹಾಕಿ ಹಾಕಿ ಅಂತಿದ್ದಾನೆ. ಟಿವಿಯಲ್ಲಿ ಹಾಕಿ ಹಾಕಿ ಅಂತ. ಗಲ್ಲೆ ಹತ್ರ ನಿಂತು ಧಣಿಗಳಿಗೆ ದಿನಾ ಹೇಳುದಿತ್ತಲ್ಲ, 'ಧಣಿಗಳೇ, ಹಾಕಿ ಹಾಕಿ'. ಗಿರಾಕಿಗಳಿಗೆಲ್ಲ ಕ್ರಿಕೆಟ್ಟು ಬೇಕು, ಇವನಿಗೊಬ್ಬನಿಗೆ ಹಾಕಿ. ನಾವೆಲ್ಲ ಕಾವಲಿ ಹತ್ರದಿಂದ ಕೂಗುದು, 'ಹಾಕಿ ಹಾಕಿ, ಚಟ್ನಿ ಹಾಕಿ!' ಅಂತ. ಇವನ ಹೆಸರೇ ಅದು ಹೋಟೆಲಲ್ಲಿ, ಹಾಕಿಹಾಕಿ ಅಂತ. ನಿನಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ.

"ಯಾವಾಗಿನಿಂದ ಭಟ್ರ?" ಎಂದೆ.

"ಅದೇ, ನಿನ್ನ ಹತ್ತನೆಯ ಪರೀಕ್ಷೆಯ ವರ್ಷ. ಮನೆಯ ಟಿವಿ ಕೊಟ್ಟುಬಿಟ್ಟೆ, ಮಗಳು ಓದ್ತಾಳೆ ಅಂತ ಹೇಳಿದ. ಆವತ್ತಿಂದ ಶುರು."

ಅಪ್ಪ ನನ್ನನ್ನೇ ನೋಡುತ್ತಿದ್ದ. ಕನ್ನಡ ಶಾಲೆಯಲ್ಲಿ ನಮ್ಮ ಟೀಚರು ಪ ಫ ಬ ಭ ಮ ಹೇಳಿಸುವಾಗ ತುಟಿಯ ಮೇಲೆ ಬೆರಳಿಟ್ಟುಕೊಳ್ಳಿ ಎನ್ನುತ್ತಿದ್ದರು. ಎರಡು ತುಟಿ ಕೂಡದೆ ಆ ಅಕ್ಷರ ಹುಟ್ಟುವುದಿಲ್ಲ. ಅಪ್ಪನ ತುಟಿ ಕೂಡುತ್ತಿರಲಿಲ್ಲ. ಮ್ಯಾಚ್ ಎನ್ನಲು ಅವನಿಗೆ ಆಗುತ್ತಿರಲಿಲ್ಲ. ಮೊಬೈಲ್ ಎನ್ನಲು ಆಗುತ್ತಿರಲಿಲ್ಲ. ಯವ್ವಾ ಎಂದರೂ ತುಟಿ ಬೇಕು. ಅದಕ್ಕೇ ಅವನು ತುಟಿ ಬೇಡದ ಒಂದು ಮಾತನ್ನು ಹುಡುಕಿ ತಂದಿದ್ದ, ಹೋಟೆಲಿನಿಂದ. ಮೊಮ್ಮಗಳಿಗೆ ಅದು ತಕ್ಷಣ ತಿಳಿದಿತ್ತು. ನಾನು ಅವಳಿಗೆ ಕನ್ನಡ ಬರುವುದಿಲ್ಲ ಎಂದಿದ್ದೆ.

*

ಆಟ ಮುಗಿದು ಮೂರು ದಿನವಾಗಿತ್ತು, ಆದರೆ ಮೊಬೈಲಿನಲ್ಲಿ ಪೂರ್ತಿ ಸಿಕ್ಕಿತು. ಸಿಕ್ಕಿದ ಕೂಡಲೇ ನಾನು ಮಾಡಿದ ಕೆಲಸವೆಂದರೆ ಫಲಿತಾಂಶ ನೋಡಿದ್ದು. ನಮ್ಮವರು ಒಂದು ಗೋಲಿನಿಂದ ಸೋತಿದ್ದರು. ಕೊನೆಯ ನಿಮಿಷಗಳಲ್ಲಿ ಎದುರಿಗೆ ಯಾರೂ ಇಲ್ಲದ ಗೋಲಿಗೆ ಹೊಸ ಹುಡುಗಿ ಗುರಿ ತಪ್ಪಿ ಹೊಡೆದಳು ಎಂದು ತಲೆಬರಹ. ಸಣ್ಣಾಕಿ.

ಅಪ್ಪನ ಬೆನ್ನಿಗೆ ದಿಂಬು ಕೊಟ್ಟು, ಮೊಬೈಲನ್ನು ನೀರಿನ ಜಗ್ಗಿಗೆ ಆನಿಸಿ ಇಟ್ಟೆ. ಭಟ್ಟರು ಹತ್ತು ಲೋಟ ಜೋಡಿಸಿದರು. ಎರಡನೆಯ ಕಾಲು ಭಾಗದಲ್ಲಿ ಸಣ್ಣಾಕಿ ಮೈದಾನಕ್ಕೆ ಇಳಿದಳು. ಅಪ್ಪ ಎಡಗೈಯಿಂದ ಮುಂದಿನ ಸಾಲಿನ ಒಂದು ಲೋಟವನ್ನು ಒಂದು ಗೇಣು ಮುಂದೆ ದೂಡಿದ. ಅವನ ಗಂಟಲಿನಿಂದ ಏನೋ ಸದ್ದು ಬಂತು. ಅದು ನಗು ಎಂದು ಅವ್ವನಿಗೆ ಮಾತ್ರ ತಿಳಿಯಿತು. ಹುಡುಗಿ ಚೆನ್ನಾಗಿ ಆಡಿದಳು. ಒಂದು ಸಲವೂ ಚೆಂಡು ಬಿಡಲಿಲ್ಲ.

ಅರ್ಧ ಆಟ ಮುಗಿದಾಗ ನಾನು ನಿಲ್ಲಿಸಿದೆ.

"ಹಾಕಿ," ಎಂದ ಅಪ್ಪ.

"ಇಷ್ಟ ಐತಪ್ಪಾ," ಎಂದೆ. "ಮೊಬೈಲದಾಗ ಇಷ್ಟ ಬಂದದ."

ಭಟ್ಟರು ನನ್ನ ಕಡೆ ನೋಡಿ ನೆಲ ನೋಡಿದರು. ನಲವತ್ತು ವರ್ಷ ಆಟ ನೋಡಿದವನಿಗೆ ನಾನು ಈ ಮಾತು ಹೇಳಿದೆ. ಇಂಥ ಸ್ಥಿತಿಯಲ್ಲಿ ಅವನು ಸೋಲು ನೋಡುವುದು ಬೇಡ, ಅವನ ಹುಡುಗಿ ತಪ್ಪುವುದನ್ನು ನೋಡುವುದು ಬೇಡ, ನಗುತ್ತಿರಲಿ ಎಂದು. ಆ ಹೊತ್ತಿಗೆ ನನಗೆ ಅದು ಸರಿಯೆನಿಸಿತ್ತು.

ಮರುದಿನ ಮತ್ತೆ "ಹಾಕಿ" ಎಂದ. ಮತ್ತೆ ಮೊದಲ ಅರ್ಧ ಹಚ್ಚಿದೆ. ಮೂರನೆಯ ದಿನವೂ ಅದನ್ನೇ ಹಚ್ಚಿದೆ. ಆವತ್ತು ಅವನು ಮೊಬೈಲನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ನಾಲ್ಕನೆಯ ದಿನ ಕೇಳಲಿಲ್ಲ. ಆಮೇಲೆ ಕೇಳಲೇ ಇಲ್ಲ. ಲೋಟಗಳ ಮೇಲೆ ಧೂಳು ಕೂತಿತು, ಅವ್ವ ತೊಳೆದು ಮತ್ತೆ ಅಲ್ಲೇ ಇಟ್ಟಳು. ಮುಂದಿನ ಬುಧವಾರ ಬೆಳಿಗ್ಗೆ, ನಾನು ನಳಿಕೆಗೆ ಹಾಲು ಸುರಿಯುತ್ತಿದ್ದಾಗ, ಅಪ್ಪ ಹೋದ.

*

ಅಪ್ಪನ ದಿನಕರ್ಮ ಮುಗಿಸಿ ಕಚೇರಿಗೆ ಹೊರಟ ಮೊದಲ ದಿನ, ಠಾಣೆಯಲ್ಲಿ ಬೇಲಾಪುರದ ಮೇಲೆ ಮುಂದೆ ಹೋಗುವ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಐರೋಲಿ ದಾಟಿದ ಮೇಲೆ ಮೊಬೈಲು ತೆಗೆದೆ. ಉಳಿದ ಅರ್ಧ ಹಚ್ಚಿದೆ.

ಕೊನೆಗೆ ನಾಲ್ಕು ನಿಮಿಷ ಇರುವಾಗ ಚೆಂಡು ಸಣ್ಣಾಕಿಯ ಕೋಲಿಗೆ ಬಂತು. ಎದುರಿಗೆ ಖಾಲಿ ಗೋಲು. ಹೊಡೆದಳು, ಚೆಂಡು ಕಂಬದ ಹೊರಗೆ ಹೋಯಿತು. ಎಲ್ಲ ಕಡೆ ತೋರಿಸಿದ್ದು ಇಷ್ಟನ್ನೇ.

ಅದಾದ ಮೇಲೆ ಏನಾಯಿತು ಎಂದು ಯಾರೂ ತೋರಿಸಿರಲಿಲ್ಲ. ಎದುರಿನವರು ಅಲ್ಲಿಂದಲೇ ಚೆಂಡು ಹೊಡೆದು ನಮ್ಮ ಗೋಲಿನ ಕಡೆ ನುಗ್ಗಿದರು. ನಮ್ಮ ಮುಂದಿನ ಸಾಲಿನ ಇಬ್ಬರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಸಣ್ಣಾಕಿ ತಲೆಗೆ ಕೈ ಹಚ್ಚಲಿಲ್ಲ. ತಿರುಗಿದಳು, ಓಡಿದಳು. ಆ ನೀಲಿ ಚಾಪೆಯ ಆ ತುದಿಯಿಂದ ಈ ತುದಿಯವರೆಗೆ, ಆ ಕಡ್ಡಿ ಕೈ ಬೀಸುತ್ತಾ, ಕ್ಯಾಮೆರಾದ ಹೊರಗೆ ಹೋಗಿ ಮತ್ತೆ ಒಳಗೆ ಬಂದು ಓಡಿದಳು. ನಮ್ಮ ಗೋಲಿನ ಮುಂದೆ ಮಂಡಿಯೂರಿ ಬಿದ್ದು ಕೋಲು ಚಾಚಿ ಚೆಂಡು ಕಸಿದುಕೊಂಡಳು.

ಎರಡು ವರ್ಷ ಅಪ್ಪ ಕಾಯುತ್ತಿದ್ದದ್ದು ಇದನ್ನು. ಹಾಕಿ ಎಂದು ಮೂರು ದಿನ ನನ್ನನ್ನು ಕೇಳಿದ್ದು ಇದನ್ನು. ಅವನಿಗೆ ಸೋಲು ಗೆಲುವು ಬೇಕಿರಲಿಲ್ಲ, ನಾನು ಫೇಲಾದಾಗ ನನ್ನ ಮುಂದೆ ಲೋಟ ಇಟ್ಟು ಕೂತಿದ್ದಾಗಲೂ ಬೇಕಿರಲಿಲ್ಲ. ಕಳೆದುಕೊಂಡ ಮೇಲೆ ಅವಳು ಏನು ಮಾಡುತ್ತಾಳೆ ಎಂಬುದಷ್ಟೇ ತಿಳಿಯಬೇಕಿತ್ತು. ಅದು ನನ್ನ ಕೈಚೀಲದ ಮೊಬೈಲಿನಲ್ಲಿತ್ತು, ಅವನ ಮಂಚದಿಂದ ಮೂರು ಹೆಜ್ಜೆ ದೂರದಲ್ಲಿ.

ಬೇಲಾಪುರ ದಾಟಿ ಹೋಗಿದ್ದು ಗೊತ್ತಾಗಲಿಲ್ಲ. ಖಾರ್ಘರಿನಲ್ಲಿ ಇಳಿದು ಪ್ಲ್ಯಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತೆ. ಮೊಬೈಲನ್ನು ಹಿಂದಕ್ಕೆ ಎಳೆದು ಆ ಓಟವನ್ನು ಮತ್ತೆ ಹಚ್ಚಿದೆ. ಅದು ಮುಗಿದಾಗ ಇನ್ನೊಮ್ಮೆ ಹಚ್ಚಿದೆ.